ಮುಗಿಯದ ಚಿತ್ರಕ್ಕೆ ಬಿಲ್ ಯಾವಾಗ?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಊರು ಧಾರವಾಡ. ಬೆಂಗಳೂರಿನ ಸುದ್ದಿವಾಹಿನಿಯೊಂದರಲ್ಲಿ ಆರು ವರ್ಷ ಕ್ಯಾಮೆರಾಮನ್ ಆಗಿದ್ದೆ. ತಂದೆಗೆ ಆರೋಗ್ಯ ಸರಿಯಿಲ್ಲದ್ದರಿಂದ ಊರಿಗೆ ಬಂದು ಸ್ವಂತವಾಗಿ ವಿಡಿಯೊ ಕೆಲಸ ಮಾಡುತ್ತಿದ್ದೇನೆ. ಮದುವೆ ಕೆಲಸಗಳಲ್ಲಿ ತಕರಾರಿಲ್ಲ. ಬುಕ್ಕಿಂಗ್ ದಿನ ಅಡ್ವಾನ್ಸ್, ಅಕ್ಕಿಕಾಳು ಬಿದ್ದ ದಿನ ದೊಡ್ಡ ಪಾಲು, ಆಲ್ಬಂ ಕೊಟ್ಟಾಗ ಉಳಿದದ್ದು.

ಸಿಕ್ಕಿಹಾಕಿಕೊಂಡಿರುವುದು ಒಂದು ದೊಡ್ಡ ಕೆಲಸದಲ್ಲಿ. ನಮ್ಮ ಭಾಗದ ಸಹಕಾರಿ ಸಂಘವೊಂದು ತನಗೆ 75 ವರ್ಷ ತುಂಬಿತೆಂದು 20 ನಿಮಿಷದ ಸಾಕ್ಷ್ಯಚಿತ್ರ ಕೇಳಿತು. 4,80,000 ರೂಪಾಯಿಗೆ ಮಾತಾಯಿತು. 80,000 ಅಡ್ವಾನ್ಸ್ ಬಂತು, ಉಳಿದದ್ದು ‘ಚಿತ್ರ ಮುಗಿದ ಮೇಲೆ’ ಎಂದರು. ಐದು ತಿಂಗಳಿನಲ್ಲಿ ಮುಗಿಸುವ ಮಾತಿತ್ತು. ಈಗ 14 ತಿಂಗಳಾಗಿದೆ. ನವಲಗುಂದ, ಕಲಘಟಗಿ, ಕುಂದಗೋಳ, ಗದಗಿನ ಹತ್ತಿರದ ಕಣಗಿನಹಾಳ ಎಲ್ಲ ಸೇರಿ 11 ದಿನ ಶೂಟಿಂಗ್ ಮಾಡಿದ್ದೇನೆ. ರಫ್ ಕಟ್ ಮೂರು ಸಲ ಕಳಿಸಿದ್ದೇನೆ. ನಡುವೆ ಚುನಾವಣೆ ಬಂದು ಆಡಳಿತ ಮಂಡಳಿ ಬದಲಾಯಿತು. ಹಳೆಯ ಅಧ್ಯಕ್ಷರ ಮಾತು ಕಡಿಮೆ ಮಾಡಿ, ಹೊಸಬರದು ಸೇರಿಸಿ, ಸಚಿವರ ಬೈಟ್ ಸಿಗುವವರೆಗೆ ಕಾಯಿರಿ, ಚಿತ್ರ 35 ನಿಮಿಷ ಆಗಲಿ ಎನ್ನುತ್ತಿದ್ದಾರೆ. ಅಸಿಸ್ಟೆಂಟ್ ಸಂಬಳ, ಡ್ರೋನ್, ಲೆನ್ಸ್ ಬಾಡಿಗೆ, ಓಡಾಟ ಎಂದು ಕೈಯಿಂದ 1,60,000 ಹೋಗಿದೆ. ಹೆಂಡತಿಯ ನಾಲ್ಕು ತೊಲೆ ಬಂಗಾರ ಬ್ಯಾಂಕಿನಲ್ಲಿದೆ.

ಸಂಘದ ನಿರ್ದೇಶಕರೊಬ್ಬರು ತಂದೆಯ ಗೆಳೆಯರು. ನಾನು ಅವರನ್ನು ಕಾಕಾ ಎಂದೇ ಕರೆಯುವುದು. ಕೆಲಸ ಕೊಡಿಸಿದವರೂ ಅವರೇ. ಈಗ ಬಿಲ್ ಕಳಿಸಿದರೆ ಅವರಿಗೆ ಮುಜುಗರ ಆದೀತೇನೋ. ಅರ್ಧ ಕೆಲಸಕ್ಕೆ ದುಡ್ಡು ಕೇಳಿದ ಎಂಬ ಮಾತೂ ಬೇಡ. ಇಂಥ ಉದ್ದದ ಕೆಲಸಗಳಿಗೆ ಬಿಲ್ ಯಾವಾಗ ಕೊಡಬೇಕು, ತಿಳಿಸಿ.
– ಹೆಸರು ಬೇಡ, ಧಾರವಾಡ

ಉತ್ತರ: ಈ ವಾರವೇ ಕೊಡಿ. ಚಿತ್ರ ಮುಗಿಯಲಿ ಎಂದು ಕಾಯಬೇಡಿ. ಹೇಗೆ, ಎಷ್ಟಕ್ಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಇಷ್ಟು ನಿಮ್ಮ ಮನಸ್ಸಿನಲ್ಲಿ ಗಟ್ಟಿಯಾಗಲಿ: ನೀವು ಕೇಳುತ್ತಿರುವುದು ಅರ್ಧ ಕೆಲಸದ ದುಡ್ಡಲ್ಲ, ಮಾಡಿ ಮುಗಿಸಿದ ಕೆಲಸದ ದುಡ್ಡು.

ನಿಮ್ಮ ಪತ್ರದಲ್ಲೇ ಉತ್ತರವಿದೆ. ಮದುವೆ ಕೆಲಸದಲ್ಲಿ ತಕರಾರಿಲ್ಲ ಎಂದಿರಿ. ಏಕೆಂದರೆ ಮದುವೆಗೆ ಮುಹೂರ್ತವಿದೆ. ಅದನ್ನು ನೀವೂ ಮುಂದೂಡಲಾರಿರಿ, ಬೀಗರೂ ಮುಂದೂಡಲಾರರು. ಅಕ್ಕಿಕಾಳು ಬಿದ್ದ ಗಳಿಗೆಗೆ ನಿಮ್ಮ ಕೆಲಸದ ದೊಡ್ಡ ಭಾಗ ಮುಗಿದಿದೆ ಎಂಬುದು ಊರಿಗೆಲ್ಲ ಕಾಣುತ್ತದೆ. ಸಂಘದ ಚಿತ್ರಕ್ಕೆ ಅಂಥ ಮುಹೂರ್ತವೇ ಇಲ್ಲ. ‘ಚಿತ್ರ ಮುಗಿದ ಮೇಲೆ’ ಎಂದರಲ್ಲ, ಮುಗಿಯಿತು ಎಂದು ಹೇಳುವವರು ಯಾರು? ನೀವಲ್ಲ, ಅವರು. ದುಡ್ಡು ಕೊಡಬೇಕಾದವರು ಯಾರು? ಅವರೇ. ಕೊಡಬೇಕಾದವರ ಒಪ್ಪಿಗೆಯೊಂದನ್ನೇ ನೆಚ್ಚಿ ನಿಮ್ಮ ನಾಲ್ಕು ಲಕ್ಷ ನಿಂತಿದೆ. ಅವರು ಕೆಟ್ಟವರಾಗಬೇಕಾಗಿಲ್ಲ, ಮೋಸ ಮಾಡಬೇಕಾಗಿಲ್ಲ. ಒಂದು ಚುನಾವಣೆ ಬಂದರೆ ಸಾಕು, ಸಚಿವರ ಕಾರ್ಯಕ್ರಮ ತಪ್ಪಿದರೆ ಸಾಕು, ನಿಮ್ಮ ಮನೆಯ ಲೆಕ್ಕ ನಿಂತುಹೋಗುತ್ತದೆ.

ಮನೆ ಕಟ್ಟುವವರನ್ನು ನೋಡಿ. ಪಾಯಕ್ಕೆ ಇಷ್ಟು, ಲಿಂಟಲ್ ಮಟ್ಟಕ್ಕೆ ಇಷ್ಟು, ಮೋಲ್ಡ್ ಹಾಕಿದ ಮೇಲೆ ಇಷ್ಟು ಎಂದು ಮೊದಲೇ ಮಾತಾಗುತ್ತದೆ. ಗಾರೆಯವರಿಗೆ ವಾರದ ಬಟವಾಡೆ ಬೇರೆ. ಎಲ್ಲವನ್ನೂ ಗೃಹಪ್ರವೇಶದ ದಿನ ಕೊಡುತ್ತೇನೆ ಎಂದರೆ ಯಾವ ಮೇಸ್ತ್ರಿಯೂ ಕರಣೆ ಮುಟ್ಟುವುದಿಲ್ಲ. ಅದನ್ನು ಯಾರೂ ದುರಾಸೆ ಎನ್ನುವುದಿಲ್ಲ, ಪದ್ಧತಿ ಎನ್ನುತ್ತಾರೆ. ನಮ್ಮ ಕೆಲಸದಲ್ಲಿ ಆ ಪದ್ಧತಿ ಇನ್ನೂ ಬೇರೂರಿಲ್ಲ. ಹಾಗಾಗಿ ಉದ್ದದ ಕೆಲಸಕ್ಕೆ ಮುಹೂರ್ತಗಳನ್ನು ನಾವೇ ಇಟ್ಟುಕೊಳ್ಳಬೇಕು, ಕೆಲಸ ಹಿಡಿಯುವ ದಿನವೇ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಬೆಂಗಳೂರಿನಲ್ಲಿ ಸಾಕ್ಷ್ಯಚಿತ್ರ ಮಾಡುವ ಸಣ್ಣ ತಂಡವೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ದಿನಗಳು. ಒಂದು ಕಂಪನಿಗಾಗಿ ಒಂಬತ್ತು ತಿಂಗಳು ದುಡಿದೆವು. ಕೆಲಸ ಕೊಟ್ಟಿದ್ದ ಮ್ಯಾನೇಜರ್ ತುಂಬ ಒಳ್ಳೆಯವರು, ಅವರ ಮಾತೇ ಸಾಕೆಂದು ನಡುವೆ ಒಂದು ಬಿಲ್ಲನ್ನೂ ಕಳಿಸಲಿಲ್ಲ. ಅವರು ಕೆಲಸ ಬಿಟ್ಟು ಹೋದರು. ಅವರ ಜಾಗಕ್ಕೆ ಬಂದವರು ಕಡತ ತೆರೆದು ನೋಡಿದಾಗ ನಮ್ಮ ಹೆಸರಿನಲ್ಲಿ ಒಂದು ಚೀಟಿಯೂ ಇರಲಿಲ್ಲ. ಮಾರ್ಚ್ ಕಳೆದು ಆ ವರ್ಷದ ಲೆಕ್ಕವೂ ಮುಗಿದಿತ್ತು. ಕೊನೆಗೆ ಕೈಗೆ ಬಂದದ್ದು ಅರ್ಧಕ್ಕಿಂತ ಕಡಿಮೆ, ಅದೂ ಎರಡು ವರ್ಷ ಅಲೆದ ಮೇಲೆ. ಬಿಲ್ ಇಲ್ಲದ ಬಾಕಿಯನ್ನು ಅವರ ಪುಸ್ತಕ ಬಾಕಿ ಎಂದು ಗುರುತಿಸುವುದೇ ಇಲ್ಲ. ನಿಮ್ಮ ಸಂಘದಲ್ಲೂ ಈಗ ಆಗಿರುವುದು ಅದೇ. ಹೊಸ ಆಡಳಿತ ಮಂಡಳಿಯ ಮುಂದೆ ನಿಮ್ಮ ಹೆಸರಿನಲ್ಲಿ ಇರುವುದು 80,000 ಕೊಟ್ಟ ದಾಖಲೆ ಮಾತ್ರ. ಅಂದರೆ ಅವರ ಕಣ್ಣಿಗೆ ಬಾಕಿ ಇಟ್ಟುಕೊಂಡಿರುವವರು ನೀವು!

ಮುಂದಿನ ಕೆಲಸಗಳಿಗೆ ಹಂತಗಳನ್ನು ಹೇಗೆ ಇಡಬೇಕು? ನಾನು ಹೇಳುವ ಅಳತೆ ಇದು: ಶೂಟಿಂಗ್ ತಾರೀಖು ಗೊತ್ತುಮಾಡುವ ಮೊದಲು ಶೇ 30. ಅದು ಖಾತೆಗೆ ಬಂದ ಮೇಲೆಯೇ ಕ್ಯಾಮೆರಾ ಬುಕ್ ಮಾಡಿ. ಶೂಟಿಂಗ್ ಮುಗಿದ ದಿನ ಮತ್ತೆ ಶೇ 30. ಮೊದಲ ರಫ್ ಕಟ್ ಕಳಿಸಿದ ದಿನ ಶೇ 25. ಉಳಿದ ಶೇ 15, ವಾಟರ್‌ಮಾರ್ಕ್ ಇಲ್ಲದ ಪೂರ್ಣ ಫೈಲ್ ಕೈಬಿಡುವ ಮೊದಲು. ಇದರಲ್ಲಿ ಒಂದು ಪದವನ್ನು ಗಮನಿಸಿ. ರಫ್ ಕಟ್ ‘ಕಳಿಸಿದ’ ದಿನ ಎಂದೆ, ‘ಒಪ್ಪಿದ’ ದಿನ ಎನ್ನಲಿಲ್ಲ. ಕಳಿಸುವುದು ನಿಮ್ಮ ಕೈಯಲ್ಲಿದೆ, ಒಪ್ಪುವುದು ಅವರ ಕೈಯಲ್ಲಿ. ಬಿಲ್ಲಿನ ದಿನವನ್ನು ನಿಮ್ಮ ಕೈಯಲ್ಲಿರುವ ಕೆಲಸಕ್ಕೇ ಕಟ್ಟಬೇಕು. ಕೊಟೇಶನ್ ಬರೆಯುವಾಗ ಈ ಎರಡು ಪದಗಳನ್ನು ಅದಲುಬದಲು ಮಾಡಿ ಎಷ್ಟು ಜನ ಎಷ್ಟು ದುಡ್ಡು ಕಳೆದುಕೊಂಡಿದ್ದಾರೆಂದು ನೋಡಿದವಳು ನಾನು. ಆದ್ದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಶೂಟಿಂಗೇ ಅವರ ಕಾರಣಕ್ಕೆ ಮುಂದೆ ಮುಂದೆ ಹೋಗುತ್ತಿದ್ದರೆ? ಹಂತದ ಪಕ್ಕದಲ್ಲಿ ಒಂದು ತಾರೀಖನ್ನೂ ಬರೆಯಿರಿ: ‘ಶೂಟಿಂಗ್ ಮುಗಿದಾಗ ಅಥವಾ ನವೆಂಬರ್ 30ಕ್ಕೆ, ಯಾವುದು ಮೊದಲೋ ಅಂದು’. ತಾರೀಖು ಬಂದಾಗ ಕೆಲಸ ಎಲ್ಲಿಗೆ ಬಂದಿದೆಯೋ ಅಷ್ಟಕ್ಕೆ ಬಿಲ್ ಹೋಗುತ್ತದೆ. ತಿದ್ದುಪಡಿಗೂ ಲೆಕ್ಕವಿರಲಿ. ಎರಡು ಸುತ್ತು ಒಪ್ಪಿದ ಹಣದಲ್ಲೇ ಸೇರಿದೆ, ಎಲ್ಲರ ಅಭಿಪ್ರಾಯ ಒಂದೇ ಕಾಗದದಲ್ಲಿ 15 ದಿನದೊಳಗೆ ಬರಬೇಕು, ಮೂರನೆಯ ಸುತ್ತಿನಿಂದ ಎಡಿಟಿಂಗಿನ ದಿನವೊಂದಕ್ಕೆ ಇಷ್ಟು ಎಂದು ಬರೆದಿಡಿ. ಸಂಘ, ಟ್ರಸ್ಟ್, ಮಠಗಳ ಕೆಲಸದಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ನೋಡುವವರು ಹನ್ನೆರಡು ಜನ, ಹನ್ನೆರಡು ಮಂದಿಯೂ ಒಂದೊಂದು ವಾರಕ್ಕೆ ಒಂದೊಂದು ಹೇಳುತ್ತಾರೆ. ಓಡಾಟ, ವಸತಿ, ಡ್ರೋನ್, ಹಿನ್ನೆಲೆ ಧ್ವನಿ ಕೊಡುವವರ ಸಂಭಾವನೆಯಂಥ ಖರ್ಚುಗಳನ್ನು ನಿಮ್ಮ ಶ್ರಮದ ಹಣದ ಜೊತೆ ಕಲಸಬೇಡಿ. ಬೇರೆ ಸಾಲು ಹಾಕಿ, ಖರ್ಚಿಗೆ ಮೊದಲೇ ಪಡೆಯಿರಿ. ಆ 1,60,000ದ ವಿಷಯಕ್ಕೆ ಬಂದರೆ, ಒಟ್ಟು ಮೊತ್ತದಲ್ಲೇ ಎಲ್ಲ ಸೇರಿದೆ ಎಂದು ಮಾತಾಗಿದ್ದರೆ ಈಗ ಬೇರೆಯಾಗಿ ಕೇಳಲು ಬರುವುದಿಲ್ಲ.

ಆಸ್ಪತ್ರೆಗೋ ಕಾಲೇಜಿಗೋ ತಿಂಗಳಿಗೆ ಎಂಟು ಸಣ್ಣ ವಿಡಿಯೊ ಎಂಬಂಥ ಕೆಲಸ ಹಿಡಿದರೆ ಹಂತಗಳ ಗೊಡವೆ ಬೇಡ. ಅಲ್ಲಿನ ಅಕೌಂಟೆಂಟ್ ಯಾವ ತಾರೀಖಿನೊಳಗೆ ಬಂದ ಬಿಲ್ಲುಗಳನ್ನು ಆ ತಿಂಗಳಿಗೆ ತೆಗೆದುಕೊಳ್ಳುತ್ತಾರೆ ಎಂದು ಕೇಳಿ, ಅದಕ್ಕೆ ಎರಡು ದಿನ ಮೊದಲು, ಪ್ರತಿ ತಿಂಗಳೂ ತಪ್ಪದೆ ಕಳಿಸಿ.

ಇನ್ನು ತೆರಿಗೆ. ನಿಮ್ಮ ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವಂತೆಯೂ ಇಲ್ಲ. ನೋಂದಣಿ ಆದವರಿಗೆ ಬಿಲ್ಲಿನ ದಿನ ಬರೀ ಅನುಕೂಲದ ಪ್ರಶ್ನೆಯಲ್ಲ. ಮೂರು ತಿಂಗಳಿಗಿಂತ ಹೆಚ್ಚು ನಡೆಯುವ, ಕಂತುಗಳಲ್ಲಿ ಹಣ ಬರುವ ಸೇವೆಯನ್ನು ಜಿಎಸ್‌ಟಿ ಕಾಯ್ದೆ ಬೇರೆಯಾಗಿ ಗುರುತಿಸಿದೆ. ಒಪ್ಪಂದದಲ್ಲಿ ಕಂತಿನ ತಾರೀಖು ಇದ್ದರೆ ಆ ತಾರೀಖಿನೊಳಗೆ, ಕಂತು ಒಂದು ಹಂತಕ್ಕೆ ಕಟ್ಟಿದ್ದರೆ ಆ ಹಂತ ಮುಗಿದ ದಿನದೊಳಗೆ, ಎರಡೂ ಇಲ್ಲದಿದ್ದರೆ ಹಣ ಕೈಸೇರುವ ವೇಳೆಗೆ ಬಿಲ್ ಆಗಿರಬೇಕು. ಅಡ್ವಾನ್ಸ್ ಬಂದ ದಿನವೇ ಅದರ ಮೇಲಿನ ತೆರಿಗೆಯ ಹೊಣೆಯೂ ಬರುತ್ತದೆ. ಬಿಲ್ ಹಾಕಿದಿರಿ, ಅವರು ಕೊಡಲಿಲ್ಲ ಎಂದುಕೊಳ್ಳಿ. ತಿಂಗಳ ರಿಟರ್ನ್ ಸಲ್ಲಿಸುವವರು ಆ ಶೇ 18ನ್ನು ಮುಂದಿನ ತಿಂಗಳ 20ರೊಳಗೆ ತಮ್ಮ ಜೇಬಿನಿಂದ ಕಟ್ಟಲೇಬೇಕು. ಆದ್ದರಿಂದ ನೋಂದಣಿ ಆದವರು ಹಂತಗಳನ್ನು ಚಿಕ್ಕದಾಗಿ ಇಟ್ಟುಕೊಳ್ಳುವುದು, ಒಂದು ಕಂತು ಬರದೆ ಮುಂದಿನ ಹಂತಕ್ಕೆ ಕೈ ಹಾಕದಿರುವುದು ಕ್ಷೇಮ.

ಬಿಲ್ ಕೊಟ್ಟಷ್ಟೂ ಹಣ ಕೈಗೆ ಬರುವುದಿಲ್ಲ, ಟಿಡಿಎಸ್ ಹಿಡಿಯುತ್ತಾರೆ. ನಿಮ್ಮ ಕೆಲಸವನ್ನು ವೃತ್ತಿಪರ ಸೇವೆ ಎಂದು ನೋಡಿದರೆ ಶೇ 10, ಗುತ್ತಿಗೆ ಎಂದು ನೋಡಿದರೆ ಒಬ್ಬ ವ್ಯಕ್ತಿಗೆ ಶೇ 1. ಒಂದು ಲಕ್ಷದ ಮೇಲೆ 9,000 ರೂಪಾಯಿಯ ಅಂತರ, ಆದ್ದರಿಂದ ಯಾವುದು ಎಂದು ಮೊದಲೇ ಕೇಳಿ. ಹಿಡಿದದ್ದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಪಾನ್ ಹೆಸರಿನಲ್ಲಿ ಕಾಣುತ್ತಿದೆಯೇ ಎಂದು ನೋಡಿಕೊಳ್ಳಿ. ಅದು ನಿಮ್ಮದೇ ದುಡ್ಡು, ರಿಟರ್ನ್ ಸಲ್ಲಿಸಿದಾಗ ಲೆಕ್ಕಕ್ಕೆ ಬರುತ್ತದೆ.

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಮಾಡಿಸಿ. 2020ರ ಜುಲೈನಿಂದ ಇದೆ, ಆಧಾರ್ ಇದ್ದರೆ ಆನ್‌ಲೈನಿನಲ್ಲಿ ನೀವೇ ಮಾಡಿಕೊಳ್ಳಬಹುದು, ಶುಲ್ಕವಿಲ್ಲ. ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಇದರ ಹಿಂದೆ 2006ರ ಸಣ್ಣ ಉದ್ಯಮಗಳ ಕಾಯ್ದೆಯ ಬಲವಿದೆ. ಆ ಕಾಯ್ದೆಯ ಪ್ರಕಾರ, ಕೆಲಸ ಒಪ್ಪಿಸಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಬರದಿದ್ದರೆ, ಒಪ್ಪಿಸಿದ ದಿನವೇ ಅವರು ಅದನ್ನು ಒಪ್ಪಿಕೊಂಡಂತೆ. ಹಣ ಕೊಡಲು ಎಷ್ಟೇ ದಿನ ಬೇಕೆಂದು ಬರೆಸಿಕೊಂಡರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿಯಾಗಿ. ಕೊಡದವರ ಮೇಲೆ ದೂರು ಕೊಡಲು ರಾಜ್ಯದಲ್ಲಿ ಬೇರೆಯೇ ಮಂಡಳಿ ಇದೆ. ಇನ್ನೊಂದು ನಿಯಮ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಈ ಗಡುವು ಮೀರಿ ಬಾಕಿ ಇಟ್ಟರೆ, ಕಂಪನಿಯವರು ಅದನ್ನು ಆ ವರ್ಷದ ಖರ್ಚೆಂದು ಆದಾಯ ತೆರಿಗೆಯಲ್ಲಿ ತೋರಿಸುವಂತಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಬಿಲ್ಲಿನ ತಲೆಯ ಮೇಲೆ ಉದ್ಯಮ್ ಸಂಖ್ಯೆ ಇದ್ದರೆ ಅಕೌಂಟೆಂಟ್ ಅದನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಆದರೆ ನೋಂದಣಿಗೆ ಮೊದಲೇ ಮಾಡಿದ ಕೆಲಸಕ್ಕೆ ಈ ಕಾಯ್ದೆಯ ನೆರವನ್ನು ನೆಚ್ಚಬೇಡಿ. ಸಂಘದ ಈ ಬಾಕಿಗೆ ಇದು ನಿಮ್ಮ ಕೈ ಹಿಡಿಯದೇ ಹೋಗಬಹುದು. ಮುಂದಿನದಕ್ಕೆ ಹಿಡಿಯುತ್ತದೆ.

‘ದುಡ್ಡು ಬರುವವರೆಗೆ ಚಿತ್ರ ನನ್ನದೇ’ ಎಂಬ ಧೈರ್ಯ ನಮ್ಮಲ್ಲಿ ಅನೇಕರಿಗಿದೆ. ಅದು ತಪ್ಪು. 1957ರ ಕೃತಿಸ್ವಾಮ್ಯ ಕಾಯ್ದೆ ಬೇರೆಯೇ ಹೇಳುತ್ತದೆ. ಹಣ ಕೊಟ್ಟು ಮಾಡಿಸಿಕೊಂಡ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿಕೊಂಡವರೇ ಮೊದಲ ಹಕ್ಕುದಾರರು. ‘ಪೂರ್ತಿ ಹಣ ಸಂದಾಯವಾದ ಮೇಲೆಯೇ ಹಕ್ಕು ನಿಮಗೆ ಸೇರುತ್ತದೆ’ ಎಂಬ ಒಂದು ಸಾಲು ಕೊಟೇಶನ್‌ನಲ್ಲಿರಲಿ, ಅದಕ್ಕೆ ಅವರ ಸಹಿಯೂ ಇರಲಿ.

ಇನ್ನು ನಿಮ್ಮ ಈಗಿನ ಬಿಲ್. ಹಂತದ ಮಾತು ನಿಮ್ಮ ನಡುವೆ ಆಗಿಲ್ಲ, ಆದರೂ ಮಾಡಿದ ಕೆಲಸವನ್ನು ಅಳೆಯಬಹುದು. ಮೇಲಿನ ಅಳತೆಯಲ್ಲಿ ಶೂಟಿಂಗ್ ಮುಗಿಸಿ ರಫ್ ಕಟ್ ಕೊಟ್ಟವರು ಶೇ 85ರಷ್ಟು ಕೆಲಸ ಮಾಡಿದ್ದಾರೆ. 4,80,000ಕ್ಕೆ ಅದು 4,08,000. ಬಂದಿರುವ 80,000 ಕಳೆದರೆ 3,28,000. ಬಿಲ್ ಅಷ್ಟಕ್ಕೆ ಮಾಡಿ. ಜೊತೆಗೊಂದು ಪತ್ರವಿರಲಿ, ಕಾರ್ಯದರ್ಶಿಯ ಹೆಸರಿಗೆ. ಶೂಟಿಂಗಿನ 11 ದಿನಗಳ ತಾರೀಖು, ಊರು, ಮೂರು ರಫ್ ಕಟ್ ಕಳಿಸಿದ ತಾರೀಖು ಅದರಲ್ಲಿರಲಿ. ಇಮೇಲ್‌ನಲ್ಲೂ ಕಳಿಸಿ, ಕಚೇರಿಗೂ ಹೋಗಿ ಕೊಟ್ಟು ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಇಂಥ ಮೊತ್ತ ಪಾಸಾಗಬೇಕಾದರೆ ಆಡಳಿತ ಮಂಡಳಿಯ ಠರಾವು ಕೇಳುವುದು ಸಾಮಾನ್ಯ. ಮುಂದಿನ ಸಭೆ ಯಾವಾಗ ಎಂದು ತಿಳಿದುಕೊಂಡು ಅದಕ್ಕೆ ವಾರ ಮೊದಲೇ ಮುಟ್ಟಿಸಿ. ಮಾರ್ಚ್ 31 ದಾಟಲು ಮಾತ್ರ ಬಿಡಬೇಡಿ.

‘ಮುಗಿದ ಮೇಲೆ ಎಂದು ಮಾತಾಗಿತ್ತಲ್ಲ’ ಎಂದು ಅವರು ಹೇಳಬಹುದು. ಹೌದು, ಆಗಿತ್ತು. ಐದು ತಿಂಗಳು, 20 ನಿಮಿಷ ಎಂಬುದೂ ಅದೇ ಮಾತಿನಲ್ಲಿತ್ತು. ಆದ್ದರಿಂದ ಅವರ ಮುಂದೆ ಎರಡು ದಾರಿ ಇಡಿ: ಈಗಿರುವ 20 ನಿಮಿಷದ ಚಿತ್ರಕ್ಕೆ 15 ದಿನದೊಳಗೆ ಬರಹದಲ್ಲಿ ಒಪ್ಪಿಗೆ ಕೊಟ್ಟರೆ ಮುಗಿಸಿ ಕೊಡುತ್ತೇನೆ, ಒಪ್ಪಿಗೆ ತಡವಾದರೆ ಮಾಡಿರುವ ಕೆಲಸದ ಹಣ ಸಂದಾಯವಾಗಲಿ. 35 ನಿಮಿಷದ ಚಿತ್ರ, ಹೊಸ ಅಧ್ಯಕ್ಷರ ಸಂದರ್ಶನ, ಸಚಿವರ ಬೈಟ್ ಇವೆಲ್ಲ ಹೊಸ ಕೆಲಸ. ಹೊಸ ಕೊಟೇಶನ್ ಕೊಡಿ, ಅದರ ಮುಂಗಡ ಬರದೆ ಕ್ಯಾಮೆರಾ ಹೊರಗೆ ತೆಗೆಯಬೇಡಿ. ಮಾಡಿದ ಕೆಲಸದ ಹಣಕ್ಕೆ ದಾವೆ ಹೂಡಲು ಕಾನೂನು ಕೊಟ್ಟಿರುವ ಕಾಲ ಮೂರು ವರ್ಷ. ಅಷ್ಟು ದೂರ ಹೋಗಲಾರದು ಎಂದುಕೊಂಡಿದ್ದೇನೆ, ಆದರೂ ವಾಟ್ಸ್‌ಆ್ಯಪ್ ಮಾತುಕತೆಗಳನ್ನು ಅಳಿಸಬೇಡಿ.

ಕಾಕಾ ಅವರ ವಿಷಯ. ನಿಮ್ಮನ್ನು ಕಾಡುತ್ತಿರುವುದು ಇದೇ ಎಂದು ಪತ್ರ ಓದಿದರೆ ತಿಳಿಯುತ್ತದೆ. ಬಿಲ್ ಕಳಿಸುವ ಹಿಂದಿನ ದಿನ ಅವರ ಮನೆಗೆ ಹೋಗಿ, ‘ಕಾಕಾ, ಇಲ್ಲೀತನಕ ಮಾಡಿದ ಕೆಲಸದ ಲೆಕ್ಕ ನಾಳೆ ಸಂಘಕ್ಕ ಕೊಡಾಕತ್ತೇನ್ರಿ. ನಿಮಗ ಮೊದಲ ತಿಳಿಸಬೇಕಂತ ಬಂದೆ’ ಎನ್ನಿ. ಅಷ್ಟೇ ಸಾಕು. ದುಡ್ಡು ಕೊಡಿಸಿ ಎಂದು ಅವರನ್ನು ಬೇಡಬೇಡಿ. ಅವರನ್ನು ವಸೂಲಿಗೆ ಇಳಿಸಿದರೆ ಮುಜುಗರ, ತಿಳಿಸಿದರೆ ಗೌರವ. ಎಷ್ಟೋ ಸಲ ಇಂಥ ಹಿರಿಯರು ಸಭೆಯಲ್ಲಿ ನಮ್ಮ ಪರವಾಗಿ ಮಾತಾಡಲು ಒಂದು ಕಾಗದಕ್ಕಾಗಿಯೇ ಕಾಯುತ್ತಿರುತ್ತಾರೆ. ಬಾಯಿಮಾತಿನ ಬಾಕಿಗೆ ಅವರಾದರೂ ಏನೆಂದು ವಾದಿಸಿಯಾರು?

ನೀವು ಕಣಗಿನಹಾಳಕ್ಕೆ ಹೋಗಿ ಚಿತ್ರೀಕರಿಸಿದ್ದೀರಿ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸಹಕಾರ ಸಂಘ ಕಟ್ಟಿದರು. ಸಹಕಾರಿ ಪತ್ತಿನ ಚಳವಳಿ ನಮ್ಮ ಹಳ್ಳಿಗಳಲ್ಲಿ ಹುಟ್ಟಿದ್ದೇ ದುಡಿಯುವವರು ಬಡ್ಡಿಯ ಸಾಲಕ್ಕೆ ಸಿಕ್ಕಿಕೊಳ್ಳಬಾರದೆಂದು. ಆ ಚಳವಳಿಯ ಚಿತ್ರ ಮಾಡುವವರ ಮನೆಯ ಬಂಗಾರ ಅಡವಿಗೆ ಹೋಗಬಾರದಿತ್ತು. ಸಂಘದ ಹಿರಿಯರ ಮುಂದೆ ತಲೆ ತಗ್ಗಿಸದೆ ಇದನ್ನು ಹೇಳುವ ಹಕ್ಕು ನಿಮಗಿದೆ.

ಸೋಮವಾರ ಬಿಲ್ ಮುಟ್ಟಿಸಿ. ಮೊಹರು ಬಿದ್ದ ಪ್ರತಿಯನ್ನು ಮನೆಗೆ ತಂದು ನಿಮ್ಮ ಹೆಂಡತಿಗೂ ತೋರಿಸಿ. ನಾಲ್ಕು ತೊಲೆ ಕೊಟ್ಟವರು ಅವರು. ಲೆಕ್ಕ ಅವರಿಗೂ ತಿಳಿದಿರಬೇಕು.